ತಟ್ಟೆ ಸುತ್ತುವ ಅಂಗಡಿಗೆ ಹೋಗುವ ಮೊದಲು

ಚಿರಂಜೀವಿ ಸುಹಾಸನಿಗೆ ಯೊಕೊಹಾಮಾದಿಂದ ಮಾವನ ಆಶೀರ್ವಾದಗಳು.

ಮೊದಲ ಸಂಬಳ ಬಂದ ಕೂಡಲೇ 30,000 ಯೆನ್ನಿನ ಸುಶಿ ಊಟಕ್ಕೆ ಹೋಗುವೆ ಎಂದು ಬರೆದಿದ್ದೀಯ. ದುಡಿದವನು ನೀನು, ಬೇಡ ಅನ್ನಲು ನಾನ್ಯಾರು? ಆದರೆ ಯಜಮಾನ ಎದುರು ನಿಂತು ಅನ್ನದ ಮೇಲೆ ಮೀನಿಟ್ಟು ಒಂದೊಂದೇ ತುತ್ತು ಒತ್ತಿ ಕೊಡುವಾಗ, ಯಾವ ಮೀನು ನಿನಗೆ ಸೇರುತ್ತದೆ ಎಂಬುದೇ ಗೊತ್ತಿಲ್ಲದಿದ್ದರೆ ಆ ದುಡ್ಡು ದಂಡ ಮಾರಾಯ. ಅದು ಸ್ವಲ್ಪ ದಿನ ಕಾಯಲಿ. ಮೊದಲು ತಟ್ಟೆ ಸುತ್ತುವ ಅಂಗಡಿಗೆ, ಅಂದರೆ ಬೆಲ್ಟಿನ ಮೇಲೆ ಸುಶಿಯ ತಟ್ಟೆ ಸಾಗಿ ಬರುವ ಅಗ್ಗದ ಅಂಗಡಿಗೆ ಹೋಗು. ನೀನಿರುವ ಒಸಾಕಾ ಕಡೆಯೇ ಅದು ಹುಟ್ಟಿದ್ದು. ಶಿರಾಯಿಶಿ ಯೊಶಿಯಾಕಿ ಎಂಬವರು ಬಿಯರ್ ಕಾರ್ಖಾನೆಯಲ್ಲಿ ಬೆಲ್ಟಿನ ಮೇಲೆ ಬಾಟಲಿ ಸಾಗುವುದನ್ನು ಕಂಡು, 1958ರಲ್ಲಿ ಈಗಿನ ಹಿಗಾಶಿ ಒಸಾಕಾದಲ್ಲಿ ಮೊದಲ ಅಂಗಡಿ ತೆರೆದರು. 1970ರ ಒಸಾಕಾ ಎಕ್ಸ್‌ಪೋ ಎಂಬ ವಿಶ್ವ ಮೇಳದಲ್ಲಿ ಜನ ನೋಡಿದ ಮೇಲೆ ಎಲ್ಲೆಡೆ ಹೆಸರಾಯಿತು.

ಅಲ್ಲಿ ಯಾಕೆ ಅಗ್ಗ ಎಂಬುದನ್ನು ತಿಳಿದುಕೋ. ಅನ್ನ ಒತ್ತುವುದು ಯಂತ್ರ. 1981ರಲ್ಲೇ ಸುಜುಮೊ ಕಂಪನಿ ಅದನ್ನು ಮಾಡಿತು. ಆರ್ಡರ್ ತೆಗೆದುಕೊಳ್ಳುವುದು ಪರದೆ. ಉಳಿದದ್ದರಲ್ಲಿ ಅರ್ಧ ಕೆಲಸ ನಿನ್ನದು: ಚಹಾ ಮಾಡಿಕೊಳ್ಳುವುದು, ಚಾಪ್‌ಸ್ಟಿಕ್ ತೆಗೆದುಕೊಳ್ಳುವುದು, ಬಂದ ತಟ್ಟೆ ಇಳಿಸಿಕೊಳ್ಳುವುದು. ನಮ್ಮ ದರ್ಶಿನಿಯ ಲೆಕ್ಕವೇ. ಆಳುಗಳು ಕಡಿಮೆಯಾದಷ್ಟು ನಿನ್ನ ಮೇಲಿನ ನಂಬಿಕೆ ಜಾಸ್ತಿ. 2023ರ ಆರಂಭದಲ್ಲಿ ಒಬ್ಬ ಹುಡುಗ ಇಂಥ ಅಂಗಡಿಯ ಸೋಯಾ ಸಾಸ್ ಬಾಟಲಿ ನೆಕ್ಕಿ, ಸಾಗುತ್ತಿದ್ದ ಸುಶಿಗೆ ಎಂಜಲು ಬೆರಳು ತಾಗಿಸಿದ ವಿಡಿಯೊ ದೇಶವೆಲ್ಲ ಹರಿದಾಡಿತು. ಆಮೇಲೆ ಹಲವು ಕಡೆ ಬೆಲ್ಟಿನ ಮೇಲೆ ಸುಮ್ಮನೆ ಸುಶಿ ಬಿಡುವುದನ್ನೇ ನಿಲ್ಲಿಸಿದರು. ಅಲ್ಲಿ ನೀನು ಹೇಳಿದ್ದು ಮಾತ್ರ ಸೀದಾ ನಿನ್ನ ಮೇಜಿಗೆ ಬರುತ್ತದೆ. ಒಬ್ಬನ ಮಂಗಾಟಕ್ಕೆ ಅಲ್ಲೆಲ್ಲ ಒಂದು ಪದ್ಧತಿಯೇ ಹೋಯಿತು. ನೀನು ಹಾಗೆ ಮಾಡುವವನಲ್ಲ, ಗೊತ್ತು. ಆದರೂ ಹೇಳುತ್ತೇನೆ, ತಟ್ಟೆ ಮುಟ್ಟಿ ವಾಪಸ್ ಇಡಬೇಡ, ಬೇರೆಯವರಿಗೆ ಹೋಗುತ್ತಿರುವುದಕ್ಕೆ ಕೈ ಹಾಕಬೇಡ, ಪಕ್ಕದ ಮೇಜಿನವರು ಕಾಣುವಂತೆ ವಿಡಿಯೊ ತೆಗೆಯಬೇಡ.

ಶನಿವಾರ, ಭಾನುವಾರ ಸಂಜೆ ಹೋದರೆ ಬಾಗಿಲಲ್ಲೇ ಹೊತ್ತು ಹೋಗುತ್ತದೆ. ರಜೆ ಹಾಕಿದ ದಿನ ಮಧ್ಯಾಹ್ನ ಎರಡೂವರೆಯ ಮೇಲೆ ಹೋಗು. ಕೂತಲ್ಲೇ ಮೇಜಿಗೆ ಹೊಂದಿಸಿದ ಸಣ್ಣ ನಲ್ಲಿ ಕಾಣುತ್ತದೆ, ಅದರ ಕೆಳಗೊಂದು ಕಪ್ಪು ಗುಂಡಿ. ಕೈ ತೊಳೆಯುವ ನಲ್ಲಿ ಎಂದು ಬೆರಳು ಒಡ್ಡಿದರೆ ಬೊಬ್ಬೆ ಏಳುತ್ತದೆ, ಬರುವುದು ಕುದಿನೀರು. ಲೋಟಕ್ಕೆ ಹಸಿರು ಚಹಾದ ಪುಡಿ ಚಿಟಿಕೆ ಹಾಕಿ, ಲೋಟದಿಂದಲೇ ಆ ಗುಂಡಿ ಒತ್ತಬೇಕು.

ತಟ್ಟೆಯಲ್ಲಿ ಸಾಮಾನ್ಯವಾಗಿ ಎರಡು ತುಂಡು. ಬಹಳ ವರ್ಷ ಒಂದು ತಟ್ಟೆಗೆ ತೆರಿಗೆ ಬಿಟ್ಟು 100 ಯೆನ್ ಇತ್ತು. 2022ರ ಅಕ್ಟೋಬರ್‌ನಲ್ಲಿ ಸುಶಿರೋ ಎಂಬ ದೊಡ್ಡ ಸರಣಿ ಅಂಗಡಿಯವರು ಕನಿಷ್ಠ ಬೆಲೆಯನ್ನು ತೆರಿಗೆ ಸೇರಿ 110ರಿಂದ 120ಕ್ಕೆ ಏರಿಸಿದರು. ಶುರುವಿಗೆ ಬೇಯಿಸಿದ ಸಿಗಡಿ ತಿನ್ನು, ನಾಲಿಗೆಗೆ ಪರಿಚಯದ್ದು. ಆಮೇಲೆ ಸಾಲ್ಮನ್. ಇಲ್ಲಿ ಇಷ್ಟು ಬೇಡಿಕೆಯ ಈ ಮೀನು ಹಳೆಯ ಸುಶಿಯಲ್ಲಿ ಹಸಿಯಾಗಿ ಇರಲೇ ಇಲ್ಲ, 1980ರ ದಶಕದಲ್ಲಿ ನಾರ್ವೆಯವರು ಮಾರಲು ಬಂದ ಮೇಲಿನದು. ಅದು ಸೇರಿದರೆ ಟ್ಯೂನಾ, ಕೊನೆಗೆ ವಿನಿಗರ್‌ನಲ್ಲಿ ಹಾಕಿಟ್ಟ ಸಬಾ. ಸಬಾ ಎಂದರೆ ನಮ್ಮ ಬಂಗುಡೆಯ ದಾಯಾದಿ. ನನಗೆ ಎಲ್ಲಕ್ಕಿಂತ ಅದೇ ಇಷ್ಟ. ಸೋಯಾ ಸಾಸಿಗೆ ಮೀನಿನ ಬದಿ ತಾಗಿಸು. ಅನ್ನ ಅದ್ದಿದರೆ ಉಪ್ಪೇ ಉಪ್ಪು, ಉಂಡೆಯೂ ಬಿಚ್ಚಿ ಬೀಳುತ್ತದೆ. ಮೂಗಿಗೇರುವ ಹಸಿರು ಖಾರ, ವಸಾಬಿ, ಹೆಚ್ಚಿನ ಕಡೆ ಬೇರೆ ಪೊಟ್ಟಣದಲ್ಲಿ ಸಿಗುತ್ತದೆ, ಕಾಳಿನಷ್ಟು ಸಾಕು. ಕೈಯಲ್ಲಿ ತಿಂದರೂ ಯಾರೂ ಏನೂ ಅನ್ನುವುದಿಲ್ಲ. ಆದರೆ ನಿನ್ನ ಚಾಪ್‌ಸ್ಟಿಕ್ಕಿನಿಂದ ಗೆಳೆಯನ ಚಾಪ್‌ಸ್ಟಿಕ್ಕಿಗೆ ತುಂಡು ದಾಟಿಸಬೇಡ. ಇಲ್ಲಿ ಚಿತೆಯ ನಂತರ ಮೂಳೆ ಆರಿಸುವುದು ಹಾಗೆ. ತಟ್ಟೆಯನ್ನೇ ಅವನತ್ತ ಸರಿಸು.

ಹಾಂ, ಜೊತೆಗಿರುವ ಸಾಗರದ ಹುಡುಗ ಸಸ್ಯಾಹಾರಿ ಅಲ್ಲವೇ? ಸೌತೆಕಾಯಿ ಸುರುಳಿ, ಅಂದರೆ ಕಪ್ಪಾ ಮಾಕಿ, ಅವನಿಗೆ ಆಗುತ್ತದೆ. ಸಿಹಿ ತೋಫು ಚೀಲದೊಳಗೆ ಅನ್ನ ತುಂಬಿದ ಇನಾರಿ ನೋಡಲು ಶುದ್ಧ ಸಸ್ಯಾಹಾರ, ಆದರೆ ಸಾಮಾನ್ಯವಾಗಿ ಒಣಮೀನಿನ ಸಾರಿನಲ್ಲಿ ಬೇಯಿಸಿದ್ದು. ಹುದುಗಿಸಿದ ಸೋಯಾದ ಮಿಸೊ ಸೂಪೂ ಹಾಗೆಯೇ. ಮುಂಚೆಯೇ ಅವನಿಗೆ ಹೇಳು, ತಿಂದ ಮೇಲೆ ಹೇಳಬೇಡ. ಅವನು ಬರುವುದಿಲ್ಲ ಎಂದರೆ ಬಲವಂತ ಬೇಡ.

ಕುರಾ ಸುಶಿ ಎಂಬ ಇನ್ನೊಂದು ಸರಣಿಯ ಅಂಗಡಿಗೆ ಹೋದರೆ ಖಾಲಿ ತಟ್ಟೆಯನ್ನು ಮೇಜಿನ ಕಂಡಿಯೊಳಗೆ ಹಾಕಬೇಕು. ಐದು ಹಾಕಿದರೆ ಪರದೆಯಲ್ಲಿ ಒಂದು ಆಟ, ಗೆದ್ದರೆ ಮೇಲಿನಿಂದ ಗೊಂಬೆಯ ಡಬ್ಬಿ. ಐದನೆಯದಕ್ಕಾಗಿ ಹೊಟ್ಟೆ ಬಿರಿಯುವವರೆಗೆ ತಿನ್ನುವ ದೊಡ್ಡವರನ್ನು ಕಂಡಿದ್ದೇನೆ. ಟಿಪ್ಸ್ ಇಡುವ ಪದ್ಧತಿ ಇಲ್ಲ.

ಹಸಿ ಮೀನು ಎಂದು ನಿನ್ನ ಅಮ್ಮ ಗಾಬರಿಯಾಗಿದ್ದಾಳೆ. ಮೀನಿನ ಹುಳ ಸಾಯಲು ಮೈನಸ್ 20 ಡಿಗ್ರಿಯಲ್ಲಿ 24 ಗಂಟೆಗಿಂತ ಹೆಚ್ಚು ಹೊತ್ತು ಇಡುವ ಕ್ರಮ ಇಲ್ಲುಂಟು, ಅದನ್ನು ನಾನೇ ಫೋನ್ ಮಾಡಿ ಅಕ್ಕನಿಗೆ ಹೇಳುತ್ತೇನೆ. ನೀನು ಮಾತ್ರ ರುಚಿ ಹತ್ತಿತೆಂದು ಸೂಪರ್ ಮಾರ್ಕೆಟ್ಟಿನ ಯಾವುದೋ ಮೀನು ತಂದು ಕೊಯ್ದು ತಿನ್ನಬೇಡ. ಹಸಿಯಾಗಿ ತಿನ್ನುವುದಕ್ಕೆ ಬೇರೆಯೇ ಚೀಟಿ ಅಂಟಿಸಿರುತ್ತಾರೆ. ಚೀಟಿ ಓದಲು ಬರುವವರೆಗೆ ಮನೆಗೆ ತಂದ ಸಬಾಗೆ ಮಸಾಲೆ ಹಚ್ಚಿ ಹುರಿ.

ಇಂತಿ,
ನಿನ್ನ ಮಾವ