ನಾಪೊಲಿಗೆ ಹೊರಟ ತಂಗಿಯ ಮಗಳಿಗೆ

ಮೈಸೂರು

ಚಿರಂಜೀವಿ ಮೇಧಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮವಾಗಿದ್ದೇವೆ. ನಿನಗೆ ವೀಸಾ ಬಂದ ಸುದ್ದಿಯನ್ನು ನಿನ್ನ ಅಮ್ಮ ತಿಳಿಸಿದ ದಿನವೇ ಬರೆಯಬೇಕೆಂದುಕೊಂಡಿದ್ದೆ. ಹಬ್ಬದ ಗಡಿಬಿಡಿಯಲ್ಲಿ ಅದು ಹಾಗೇ ಉಳಿಯಿತು. ಮೊನ್ನೆ ಫೋನಿನಲ್ಲಿ ನೀನಾಡಿದ ಮಾತು ಕೇಳಿದ ಮೇಲೆ ಇನ್ನು ತಡಮಾಡಬಾರದೆನಿಸಿ ಕುಳಿತಿದ್ದೇನೆ. "ಕ್ಲಾಸೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತೆ ದೊಡ್ಡಮ್ಮ, ಎರಡು ವರ್ಷಕ್ಕೋಸ್ಕರ ಇಟಾಲಿಯನ್ ಯಾಕೆ ಕಲೀಲಿ" ಎಂದೆಯಲ್ಲ, ಆ ಮಾತು. ನಿನ್ನನ್ನು ಗದರಿಸುವುದಕ್ಕಾಗಿ ಬರೆಯುತ್ತಿಲ್ಲ. ನಿನ್ನ ದೊಡ್ಡಪ್ಪನವರಿಗೆ ಹಡಗು ಕಂಪನಿಯಲ್ಲಿ ಕೆಲಸವಾಗಿ ನಾವು ಇಟಲಿಯ ನಾಪೊಲಿಗೆ, ಅಂದರೆ ಇಂಗ್ಲಿಷಿನವರ ನೇಪಲ್ಸಿಗೆ, ಹೊರಟಾಗ, ಇಂಗ್ಲಿಷ್ ಎಂ.ಎ. ಮಾಡಿದ್ದ ನಾನು ನಿನ್ನ ಅಜ್ಜನೆದುರು ಇದೇ ಮಾತನ್ನು ಇನ್ನೂ ಹೆಚ್ಚಿನ ಜಂಬದಿಂದ ಹೇಳಿದ್ದೆ. ಆಮೇಲೆ ಹದಿನಾಲ್ಕು ವರ್ಷ ಆ ಊರಿನಲ್ಲಿ ಇಂಗ್ಲಿಷ್ ಕಲಿಸಿಯೇ ಸಂಬಳ ತೆಗೆದುಕೊಂಡೆ. ಹಾಗಾಗಿ ಇಂಗ್ಲಿಷನ್ನು ಹಳಿಯುವ ಹಕ್ಕು ನನಗಿಲ್ಲ. ಅದನ್ನೇ ನೆಚ್ಚಿಕೊಂಡು ಕೆಟ್ಟ ಕಥೆಯನ್ನು ಮಾತ್ರ ಹೇಳಬಲ್ಲೆ.

ನೀನು ಸೇರಲಿರುವ ಫೆದೆರಿಕೊ ಸೆಕೊಂದೊ ವಿಶ್ವವಿದ್ಯಾಲಯವು 1224ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಸ್ಥಾಪಿಸಿದ್ದು. ಅಷ್ಟು ಹಳೆಯ ವಿದ್ಯಾಲಯದಲ್ಲಿ ಓದುವ ಭಾಗ್ಯ ನಮ್ಮ ಮನೆಯಲ್ಲಿ ನಿನಗೇ ಮೊದಲು. ಅಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಪಾಠ ಇಂಗ್ಲಿಷಿನಲ್ಲಿ ನಡೆಯುವುದು ನಿಜವೇ. ಉಳಿದ ಹೊತ್ತೆಲ್ಲ ನೀನು ನಾಪೊಲಿಯಲ್ಲಿ ಇರುತ್ತೀಯೆ. ಆ ಊರಿನ ಅಂಚೆ ಕಚೇರಿ, ಔಷಧಿ ಅಂಗಡಿ, ಮನೆಯ ಮಾಲೀಕ, ನಲ್ಲಿ ರಿಪೇರಿಯವನು, ಇವರಾರೂ ನಿನ್ನ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುವುದಿಲ್ಲ.

ಅಂಚೆ ಕಚೇರಿಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಿನ್ನ ಬದುಕೂ ಅಲ್ಲಿ ಅದರಿಂದಲೇ ಶುರುವಾಗುತ್ತದೆ. ಇಟಲಿಗೆ ಕಾಲಿಟ್ಟ ಎಂಟು ಕೆಲಸದ ದಿನಗಳೊಳಗೆ ಪೆರ್ಮೆಸ್ಸೊ ದಿ ಸೊಜ್ಜೋರ್ನೊ, ಅಂದರೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿಯ ಲಕೋಟೆಯನ್ನು ಅಂಚೆ ಕಚೇರಿಯಲ್ಲೇ ಪಡೆದು, ತುಂಬಿ, ಅಲ್ಲೇ ಕೊಡಬೇಕು. ಅದಕ್ಕೆ ಹಚ್ಚುವ 16 ಯೂರೋದ ಮುದ್ರಾಂಕ ಮಾತ್ರ ಸಿಗರೇಟು ಮಾರುವ ತಬಾಕ್ಕೆರಿಯಾ ಅಂಗಡಿಯಲ್ಲಿ ಸಿಗುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಾನು ಚೀಟಿ ಹಿಡಿದು ಎರಡು ಗಂಟೆ ಕಾದು ಕಿಟಕಿಯ ಬಳಿ ಹೋದಾಗ, ಅಲ್ಲಿ ಕುಳಿತಿದ್ದ ಗುಮಾಸ್ತೆ ನನ್ನ ಅರ್ಜಿಯನ್ನು ಒಮ್ಮೆ ನೋಡಿ, ಮೂರು ವಾಕ್ಯ ಹೇಳಿ, ಹಾಗೆಯೇ ಹಿಂದಕ್ಕೆ ತಳ್ಳಿದಳು. ನಾನು ಇಂಗ್ಲಿಷಿನಲ್ಲಿ ಕೇಳಿದೆ, ನಿಧಾನವಾಗಿ ಕೇಳಿದೆ, ದನಿ ಏರಿಸಿಯೂ ಕೇಳಿದೆ. ಕಡೆಗೆ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಶ್ರೀಲಂಕಾದ ಹೆಂಗಸೊಬ್ಬರು ಎದ್ದು ಬಂದು, ಪೆನ್ನು ತೆಗೆದುಕೊಂಡು, ನನ್ನ ಅರ್ಜಿಯ ಖಾಲಿ ಮನೆಗಳನ್ನು ಒಂದೊಂದಾಗಿ ತುಂಬಿಕೊಟ್ಟರು. ಅವರು ಓದಿದ್ದು ಹತ್ತನೆಯ ತರಗತಿಯವರೆಗೆ, ಮಾಡುತ್ತಿದ್ದದ್ದು ಒಬ್ಬ ಮುದುಕಿಯ ಆರೈಕೆಯ ಕೆಲಸ, ಎಂ.ಎ. ಪದವೀಧರೆಯಾದ ನಾನು ಅವರು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದೆ. ಆ ದಿನದ ನಾಚಿಕೆ ನನಗೆ ಒಳ್ಳೆಯದನ್ನೇ ಮಾಡಿತು.

ಈ ಶ್ರೀಲಂಕಾದವರ ವಿಷಯದಲ್ಲಿ ಇನ್ನೊಂದು ಮಾತಿದೆ, ಅದನ್ನು ಮುಚ್ಚಿಡದೆ ಹೇಳುತ್ತೇನೆ. ನಾಪೊಲಿಯಲ್ಲಿ ನೆಲೆಸಿರುವ ಹೊರನಾಡಿನವರಲ್ಲಿ ಅವರ ಸಂಖ್ಯೆ ದೊಡ್ಡದು. ಮನೆಗೆಲಸ, ವೃದ್ಧರ ಆರೈಕೆ, ಅಡುಗೆಮನೆಗಳಲ್ಲಿ ದುಡಿಯುವವರು ಬಹಳ. ನಿನ್ನ ಮೈಬಣ್ಣ ನೋಡಿದ ಕೂಡಲೇ ಊರು ನಿನ್ನನ್ನು "ಚಿಂಗಲೇಸೆ" ಅಂದರೆ ಸಿಂಹಳದವಳು ಎಂದುಕೊಳ್ಳುತ್ತದೆ. ನಾವು ಎರಡನೆಯ ಮನೆ ಹುಡುಕುವಾಗ ನಾನು ನನ್ನ ತೊದಲು ಇಟಾಲಿಯನ್ನಿನಲ್ಲಿ ಒಬ್ಬ ದಲ್ಲಾಳಿಗೆ ಫೋನು ಮಾಡಿದೆ. ಮನೆ ಆಗಲೇ ಹೋಯಿತೆಂದ. ಹತ್ತು ನಿಮಿಷ ಬಿಟ್ಟು ಅದೇ ಮನೆಗೆ, ಹೆಸರು ಹೇಳದೆ, ಇಂಗ್ಲಿಷಿನಲ್ಲಿ ಫೋನು ಮಾಡಿದೆ. ಮಧ್ಯಾಹ್ನವೇ ಬಂದು ನೋಡಬಹುದೆಂದ. ಇಂಗ್ಲಿಷ್ ಆಡುವವರು ಅಲ್ಲಿ ಗೌರವದ ಹೊರನಾಡಿಗರು, ಅಂದರೆ ಎಕ್ಸ್‌ಪ್ಯಾಟ್, ಆಡದವರು ವಲಸೆಗಾರರು. ದೇಶ ಬಿಟ್ಟು ಬಂದ ಕಷ್ಟ ಇಬ್ಬರಿಗೂ ಒಂದೇ. ಈ ಅನುಕೂಲ ನಿನಗೂ ಸಿಗುತ್ತದೆ, ಸಿಕ್ಕಾಗ ಖುಷಿಯೂ ಆಗುತ್ತದೆ. ಆದರೆ ಯಾರಾದರೂ ನಿನ್ನನ್ನು ಶ್ರೀಲಂಕಾದವಳೆಂದರೆ, "ಅಯ್ಯೋ, ನಾನು ಅವರಂಥವಳಲ್ಲ" ಎಂಬ ದನಿಯಲ್ಲಿ ತಿದ್ದಬೇಡ. ಭಾರತದವಳೆಂದು ಸಹಜವಾಗಿ ಹೇಳು, ಸಾಕು. ಕರಿಬೇವು, ತೆಂಗಿನಕಾಯಿ, ಹುಣಸೆಹಣ್ಣು ಬೇಕಾದಾಗ ನೀನು ಹೋಗುವುದು ಅವರ ಅಂಗಡಿಗೇ.

ಇಂಗ್ಲಿಷಿನವರ ಕೂಟಗಳೂ ಅಲ್ಲಿವೆ. ಲಾಗೊ ಪಾತ್ರಿಯಾದಲ್ಲಿ ನೇಟೋದ ಕಚೇರಿ, ಕಪೊದಿಕೀನೊ ವಿಮಾನ ನಿಲ್ದಾಣದ ಬಳಿ ಅಮೆರಿಕದ ನೌಕಾಪಡೆಯ ನೆಲೆ ಇರುವುದರಿಂದ ಇಂಗ್ಲಿಷ್ ಸಂಸಾರಗಳು ಸಾಕಷ್ಟು. ಜೊತೆಗೆ ನನ್ನಂಥ ಮೇಷ್ಟರುಗಳು. ಮೊದಲ ಎರಡು ವರ್ಷ ನಾನು ತಪ್ಪದೆ ಹೋಗುತ್ತಿದ್ದೆ. ಒಳ್ಳೆಯವರೇ, ಆದರೆ ಅಲ್ಲಿಯ ಮಾತೆಲ್ಲ ಅದೇ ಅಂಚೆ ಕಚೇರಿಯ ದೂರು, ಅದೇ ಕಸದ ದೂರು, ಅದೇ ಸ್ಕೂಟರಿನ ದೂರು. ಬೆಂಗಳೂರಿನಲ್ಲಿ ಹದಿನೈದು ವರ್ಷವಿದ್ದೂ "ಕನ್ನಡ್ ಗೊತ್ತಿಲ್ಲ" ಎಂದು ನಗುವವರನ್ನು ಕಂಡರೆ ನಿನಗೆ ಎಷ್ಟು ಸಿಟ್ಟು ಬರುತ್ತದೆಂಬುದನ್ನು ನಾನು ಬಲ್ಲೆ. ಒಂದು ಸಂಜೆ ಕೂಟದಿಂದ ಮನೆಗೆ ಬರುತ್ತ, ನಾನು ನಾಪೊಲಿಗೆ ಅಂಥವಳೇ ಆಗಿಬಿಟ್ಟಿದ್ದೇನಲ್ಲ ಎಂದು ಹೊಳೆಯಿತು.

ಹಾಗಾದರೆ ಕಲಿಯುವುದು ಹೇಗೆ? ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದೇ: ಇಟಾಲಿಯನ್ನನ್ನು ಇಂಗ್ಲಿಷಿನ ಮೂಲಕ ಕಲಿಯಬೇಡ, ಕನ್ನಡದ ಮೂಲಕ ಕಲಿ. ನಾನು ಒಂದು ವರ್ಷ ವ್ಯರ್ಥ ಮಾಡಿದ್ದು ಇಂಗ್ಲಿಷಿನ ಪಠ್ಯ ಹಿಡಿದುಕೊಂಡೇ. ಇಂಗ್ಲಿಷಿನ ನಾಲಿಗೆಗೆ ಒತ್ತಕ್ಷರ ಬರುವುದಿಲ್ಲ. ನಮಗೆ "ಅಕ್ಕ", "ಅಪ್ಪ", "ಹಳ್ಳ" ಎನ್ನಲು ಯಾರೂ ಹೇಳಿಕೊಡಬೇಕಾಗಿಲ್ಲ. ಇಟಾಲಿಯನ್ನಿನಲ್ಲಿ "ನೋನೊ" ಎಂದರೆ ಒಂಬತ್ತನೆಯದು, "ನೊನ್ನೊ" ಎಂದರೆ ಅಜ್ಜ. "ಪಾಲಾ" ಎಂದರೆ ಸಲಿಕೆ, "ಪಲ್ಲಾ" ಎಂದರೆ ಚೆಂಡು. ವಯಸ್ಸು ಕೇಳುವ ಮಾತಿನಲ್ಲಿ ಒಂದು ಒತ್ತು ತಪ್ಪಿದರೆ ಏನಾಗುತ್ತದೆಂಬುದನ್ನು ದೊಡ್ಡಮ್ಮನ ಪತ್ರದಲ್ಲಿ ಬರೆಯುವಂತಿಲ್ಲ, ಅಲ್ಲಿಗೆ ಹೋದ ಮೇಲೆ ನಿನಗೇ ತಿಳಿಯುತ್ತದೆ. ಅವರ ತ, ದ ನಮ್ಮ ತ, ದಗಳೇ. ಅವರ ಮಾತುಗಳು ಬಹುಮಟ್ಟಿಗೆ ನಮ್ಮವುಗಳಂತೆಯೇ ಸ್ವರದಲ್ಲಿ ಮುಗಿಯುತ್ತವೆ. ನೀನು ಬೆಳಗಾವಿಯಲ್ಲಿ ಓದಿದವಳು, ಎರಡು ಭಾಷೆಯ ನಡುವೆ ಓಡಾಡುವುದೇನೂ ನಿನಗೆ ಹೊಸತಲ್ಲ.

ಇನ್ನು "ನೀನು", "ನೀವು". ಇಂಗ್ಲಿಷಿನವರು ಇದರಲ್ಲಿ ಮುಗ್ಗರಿಸಿದಷ್ಟು ಇನ್ನೆಲ್ಲಿಯೂ ಮುಗ್ಗರಿಸುವುದಿಲ್ಲ. ಪುಸ್ತಕದ ಇಟಾಲಿಯನ್ನಿನಲ್ಲಿ ಸಲಿಗೆಗೆ "ತೂ", ಮರ್ಯಾದೆಗೆ "ಲೇಯಿ". ನಾಪೊಲಿಯಲ್ಲಿ ಹಿರಿಯರನ್ನು "ವೋಯಿ" ಎಂದು ಬಹುವಚನದಲ್ಲಿ ಕರೆಯುವ ಹಳೆಯ ರೂಢಿ ಇನ್ನೂ ಇದೆ, ಥೇಟ್ ನಮ್ಮ "ನೀವು". ಇದನ್ನು ನಾನು ಕಲಿತ ಬಗೆಯನ್ನು ಕೇಳು.

ನಮ್ಮ ಮನೆ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು; ನಾಲ್ಕನೆಯ ಮಹಡಿಯಲ್ಲಿ ಒಬ್ಬರು ಸಿನ್ಯೋರಾ, ಅಂದರೆ ಅಮ್ಮನವರು, ಇದ್ದರು. ಅಂಥ ಮನೆಗಳಲ್ಲಿ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ಇಳಿಬಿಡುವ ಪದ್ಧತಿಯುಂಟು, ಅದಕ್ಕೆ "ಪನಾರೊ" ಎನ್ನುತ್ತಾರೆ. ರೊಟ್ಟಿಯವನು ರೊಟ್ಟಿ ಇಟ್ಟರೆ ಮೇಲಕ್ಕೆಳೆದುಕೊಳ್ಳುತ್ತಾರೆ, ಮೆಟ್ಟಿಲು ಹತ್ತಿಳಿಯುವ ಕಷ್ಟವಿಲ್ಲ. ಒಂದು ಮಧ್ಯಾಹ್ನ ಆ ಬುಟ್ಟಿ ನನ್ನ ಕಿಟಕಿಯ ಎದುರಿಗೇ ಬಂದು ನಿಂತಿತು. ಒಳಗೆ ಬಟ್ಟೆ ಮುಚ್ಚಿದ ಬಟ್ಟಲು, ಬಟ್ಟಲಲ್ಲಿ ಬದನೆಕಾಯಿಯ ಪರ್ಮಿಜಾನಾ, ಇನ್ನೂ ಬಿಸಿ. ಬಟ್ಟಲು ತೆಗೆದುಕೊಂಡೆ, ಮೇಲೆ ನೋಡಿ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿದೆ. ಬುಟ್ಟಿ ಕದಲಲಿಲ್ಲ. ಅವರಿಗೆ ಕಣ್ಣು ಮಂದ. ಎಳೆಯಲೋ ಬೇಡವೋ ಎಂದು ಕಾಯುತ್ತಿದ್ದರು. ಎಳೆಯಿರಿ ಎನ್ನಲು ನನಗೆ ಮಾತೇ ತಿಳಿಯದು. ಒಳಗೆ ಓಡಿ ನಿಘಂಟು ತೆಗೆದು ನೋಡಿ ಬಂದು "ತೀರಾ!" ಎಂದು ಕೂಗಿದೆ. ಅಂಗಳದ ಸುತ್ತಲ ಕಿಟಕಿಗಳಲ್ಲೆಲ್ಲ ನಗು. ಕೆಳಗಿನ ಮನೆಯ ಹುಡುಗನೊಬ್ಬ, ಏಳೆಂಟು ವರ್ಷದವನು, ಸೊಂಟಕ್ಕೆ ಕೈಯಿಟ್ಟು ನಿಂತು ನನ್ನನ್ನು ತಿದ್ದಿದ: "ತಿರಾತೆ, ಸಿನ್ಯೋ! ತಿರಾತೆ!" ಎಪ್ಪತ್ತು ದಾಟಿದ ಹಿರಿಯರಿಗೆ ನಾನು "ಎಳೆಯೇ" ಎಂದು ಏಕವಚನದಲ್ಲಿ ಕೂಗಿದ್ದೆ. ನಮ್ಮ ಬೀದಿಯಲ್ಲಿ ಯಾವಳಾದರೂ ಹೊಸಬಳು ನಿನ್ನ ಅಜ್ಜಿಯನ್ನು ಹಾಗೆ ಕೂಗಿದ್ದರೆ ನಾನೇ ತಿದ್ದುತ್ತಿದ್ದೆ! ಮರುದಿನ ಆ ಬಟ್ಟಲನ್ನು ಖಾಲಿ ಹಿಂದಿರುಗಿಸಲು ಮನಸ್ಸು ಬಾರದೆ, ನಿಂಬೆಹಣ್ಣಿನ ಚಿತ್ರಾನ್ನ ತುಂಬಿ ಇಟ್ಟು "ತಿರಾತೆ" ಎಂದೆ. ನನ್ನ ಇಟಾಲಿಯನ್ ಪಾಠ ನಿಜವಾಗಿ ಆರಂಭವಾದದ್ದು ಆ ಹಗ್ಗದಿಂದ.

ಒಂದು ಎಚ್ಚರಿಕೆ: ನೀನು ಕಲಿಯುವ ಇಟಾಲಿಯನ್ನೇ ಬೇರೆ, ಊರಿನವರು ತಮ್ಮತಮ್ಮಲ್ಲಿ ಆಡುವ ನಾಪೊಲಿಯ ನುಡಿಯೇ ಬೇರೆ. ಅವರು ಮಾತಿನ ಕೊನೆಯ ಸ್ವರವನ್ನು ನುಂಗಿಬಿಡುತ್ತಾರೆ. ಗ್ರಾಂಥಿಕ ಕನ್ನಡ ಕಲಿತವನೊಬ್ಬ ಕುಂದಾಪುರದ ಮೀನು ಮಾರುಕಟ್ಟೆಗೆ ಹೋಗಿ ನಿಂತ ಹಾಗಾಗುತ್ತದೆ ನಿನ್ನ ಮೊದಲ ತಿಂಗಳು. ಎದೆಗುಂದಬೇಡ. ನೀನು ಇಟಾಲಿಯನ್ ಆಡು, ಅವರದನ್ನು ಕೇಳಿಸಿಕೊಳ್ಳುತ್ತಿರು. ನೀನಾಗಿ ಅವರ ನುಡಿಯನ್ನು ಆಡಲು ಹೋಗಬೇಡ, ಹೊರಗಿನವರು ಆಡಿದರೆ ಅದು ಅಣಕದಂತೆ ಕೇಳುತ್ತದೆ. ವೈದ್ಯರ ಕೋಣೆಗೆ ಹೋದಾಗ ಸರದಿಯ ಸಾಲು ಕಾಣದಿದ್ದರೆ ಗಾಬರಿಯಾಗಬೇಡ: "ಕೀ ಎ ಲುಲ್ತಿಮೊ", ಕೊನೆಯವರು ಯಾರು, ಎಂದು ಕೇಳಿ ಅವರ ಮುಖ ನೆನಪಿಟ್ಟುಕೊಂಡರೆ ಅವರ ನಂತರದ್ದು ನಿನ್ನ ಸರದಿ.

ಮನೆಯ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಕರಾರಿಲ್ಲದೆ ಕೊಟ್ಟರೆ ಬಾಡಿಗೆ ಕಡಿಮೆ ಮಾಡುತ್ತೇನೆನ್ನುವ ಮಾಲೀಕರು ಸಿಗುತ್ತಾರೆ, ಒಪ್ಪಬೇಡ. ಕರಾರು ತೆರಿಗೆ ಇಲಾಖೆಯಲ್ಲಿ ನೋಂದಣಿಯಾಗಿರಲೇಬೇಕು, ಇಲ್ಲದಿದ್ದರೆ ಮುಂದೆ ಪರವಾನಗಿಯಿಂದ ಹಿಡಿದು ವಾಸದ ದಾಖಲೆಯವರೆಗೆ ಎಲ್ಲವೂ ತೊಡಕು. ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ನಿನ್ನನ್ನು ಇರಿಸಿಕೊಂಡ ಸಂಗತಿಯನ್ನು ಮಾಲೀಕರು 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕೆಂಬ ಕಾನೂನಿದೆ; ಆ ಕಾಗದದ ಪ್ರತಿಯನ್ನು ಕೇಳಿ ಪಡೆದುಕೋ. ಕೆಲವು ಹಳೆಯ ಕಟ್ಟಡಗಳ ಲಿಫ್ಟಿಗೆ ನಾಣ್ಯ ಹಾಕಬೇಕು, ಚೀಲದಲ್ಲಿ ಹತ್ತು ಸೆಂಟಿನ ಚಿಲ್ಲರೆ ಇರಲಿ. ನಾಪೊಲಿಯ ಪಕ್ಕದ ಪೊಜ್ಜುವೊಲಿಯ ಕಡೆ ಮನೆ ನೋಡುವ ಮೊದಲು ಯೋಚಿಸು. ಆ ಭಾಗವೆಲ್ಲ ಕಂಪಿ ಫ್ಲೆಗ್ರೇಯಿ ಎಂಬ ಜ್ವಾಲಾಮುಖಿಯ ಮೇಲೆಯೇ ಇದೆ. 1982ರಿಂದ 84ರ ನಡುವೆ ಅಲ್ಲಿ ನೆಲವೇ ಹೆಚ್ಚುಕಡಿಮೆ 1.8 ಮೀಟರ್ ಉಬ್ಬಿ ಜನ ಮನೆ ಬಿಡಬೇಕಾಯಿತು, 2024ರ ಮೇ 20ರಂದು 4.4 ತೀವ್ರತೆಯ ಕಂಪನವಾಯಿತು. ವಿಸೂವಿಯಸ್ ಕಣ್ಣೆದುರಿಗೆ ನಿಂತಿರುವುದರಿಂದ ಎಲ್ಲರೂ ಅದಕ್ಕೇ ಹೆದರುತ್ತಾರೆ, ಅದು ಕೊನೆಯ ಬಾರಿ ಉಕ್ಕಿದ್ದು 1944ರಲ್ಲಿ.

ಊಟಕ್ಕೆ ತೊಂದರೆಯಿಲ್ಲ. ಸಸ್ಯಾಹಾರ ಬಿಡಲಾರೆನೆಂದರೆ "ಸುಂಞಾ" ಎಂಬ ಒಂದು ಮಾತನ್ನು ಕಲಿತುಕೋ, ಅದು ಹಂದಿಯ ಕೊಬ್ಬು. ತರಾಲ್ಲಿ ಎಂಬ ಬಳೆಯಾಕಾರದ ಉಪ್ಪಿನ ಕುರುಕಲಿನಲ್ಲಿ, ಈಸ್ಟರಿನ ಕಝತಿಯೆಲ್ಲೊ ರೊಟ್ಟಿಯಲ್ಲಿ ಅದಿರುತ್ತದೆ. ರಸ್ತೆ ದಾಟುವುದನ್ನು ಸಿಲ್ಕ್ ಬೋರ್ಡಿನಲ್ಲಿ ಕಲಿತವಳಿಗೆ ನಾನೇನು ಹೇಳಲಿ.

ಕಡೆಗೆ ಒಂದು ಕೆಲಸ ಒಪ್ಪಿಸುತ್ತಿದ್ದೇನೆ. ನಾಲ್ಕನೆಯ ಮಹಡಿಯ ಸಿನ್ಯೋರಾ ಇನ್ನೂ ಅದೇ ಮನೆಯಲ್ಲಿದ್ದಾರೆ, ಈಗ ತೊಂಬತ್ತು ದಾಟಿದೆ; ವಿಳಾಸವನ್ನು ನಿನ್ನ ಅಮ್ಮನ ಕೈಯಲ್ಲಿ ಕೊಟ್ಟಿದ್ದೇನೆ. ಹಿಂದೊಮ್ಮೆ ಅವರಿಗೆ ನಮ್ಮ ಫಿಲ್ಟರ್ ಕಾಫಿ ಮಾಡಿಕೊಟ್ಟಿದ್ದೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ಚಿಕೋರಿಯಾ" ಎಂದರು. ಯುದ್ಧದ ಕಾಲದಲ್ಲಿ ಕಾಫಿಬೀಜ ಸಿಗದೆ ಮನೆಯವರೆಲ್ಲ ಹುರಿದ ಚಿಕೋರಿಯನ್ನೇ ಕಾಫಿಯೆಂದು ಕುಡಿದ ದಿನಗಳನ್ನು ಅವರು ಕತ್ತಲಾಗುವವರೆಗೆ ಹೇಳಿದರು. ನನಗೆ ಅರ್ಧ ತಿಳಿಯಿತು, ಆದರೂ ಎದ್ದು ಬರಲಾಗಲಿಲ್ಲ. ಅದಕ್ಕೇ ಈ ಸಲ ಚಿಕ್ಕಮಗಳೂರಿನ ಪುಡಿಯನ್ನು ಚಿಕೋರಿ ಸೇರಿಸದೆ ಕಾಲು ಕಿಲೋ ಮಾಡಿಸಿಟ್ಟಿದ್ದೇನೆ, ಕೈಚೀಲದಲ್ಲೇ ಇಟ್ಟುಕೋ. ಊರು ತಲುಪಿದ ವಾರವೇ ಕೊಡಬೇಕೆಂದಿಲ್ಲ, ನಾಲ್ಕು ಮಾತು ಬಂದ ಮೇಲೆ ಹೋಗು. ಮೆಟ್ಟಿಲು ಹತ್ತುವ ಮೊದಲು ಅಂಗಳದಲ್ಲಿ ನಿಂತು ಕೂಗು. ಬುಟ್ಟಿ ಇಳಿಬಿಟ್ಟರೆ ಪುಡಿಯನ್ನು ಅದರಲ್ಲೇ ಇಡು. ಏನೆಂದು ಕೂಗಬೇಕೆಂಬುದು ನಿನಗೀಗ ಗೊತ್ತು.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ