ಸಚಿವರೇ, ನಮ್ಮ ವಿದ್ಯಾರ್ಥಿಗಳಿಗೆ ಐಟಿಐ ಬಾಗಿಲು ತೆರೆಸಿ

ಮಹಾರಾಷ್ಟ್ರದ ಕೌಶಲ್ಯಾಭಿವೃದ್ಧಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಪುಣೆಯ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಕಲಿಸುತ್ತೇನೆ. ಮನೆ ಭೋಸರಿಯಲ್ಲಿ. ಅಪ್ಪ ಇಂಡಿ ತಾಲೂಕಿನಿಂದ ಬಂದು ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮೂವತ್ತು ವರ್ಷ ಲೇಥ್ (ಲೋಹ ಕಡೆಯುವ ಯಂತ್ರ) ಮೇಲೆ ದುಡಿದವರು. ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಹೇಳಲಿರುವ, ಇಲ್ಲಿನ ಕಾರ್ಖಾನೆಗಳಲ್ಲಿ ಕೆಲಸ ಕಲಿಯುವ ಹುಡುಗರ ಅಪ್ಪ ಅಮ್ಮ ವಿಜಯಪುರ, ಕಲಬುರಗಿ ಕಡೆ ಇದ್ದಾರೆ. ಅವರೂ ಓದಲಿ.

ಈಗ ಎರಡು ಮೂರು ವರ್ಷದಿಂದ ಪ್ರಾಜೆಕ್ಟ್‌ಗೆ ಯಾವ ವಿಷಯ ಬೇಕು ಎಂದು ಕೇಳಿದರೆ ಅರ್ಧ ತರಗತಿ ‘ಕೆಲಸದ ತರಬೇತಿಯಲ್ಲಿ ಎಐ’ ಅನ್ನುತ್ತದೆ. ವಿಷಯ ಚೆನ್ನಾಗಿದೆ. ಪ್ರಾಜೆಕ್ಟ್ ಆಗುವ ರೀತಿ ನೋಡಿದರೆ ಬೇಜಾರಾಗುತ್ತದೆ. ಗೂಗಲ್ ಫಾರ್ಮ್‌ನಲ್ಲಿ ಇಪ್ಪತ್ತು ಪ್ರಶ್ನೆ. ಅದನ್ನು ವಾಟ್ಸಾಪ್ ಗ್ರೂಪ್‌ಗೆ ಹಾಕುತ್ತಾರೆ. ಗೆಳೆಯರು, ಅಕ್ಕನ ಗೆಳತಿಯರು, ಸೋದರಮಾವ ಎಲ್ಲರೂ ತುಂಬುತ್ತಾರೆ. ನೂರು ಉತ್ತರ ಸೇರಿದರೆ ಪೈ ಚಾರ್ಟ್. ಆಮೇಲೆ ಬ್ಲ್ಯಾಕ್ ಬುಕ್ (ಪ್ರಾಜೆಕ್ಟ್ ವರದಿ) ಬೈಂಡಿಂಗ್, ವೈವಾ, ಕಪಾಟು. ಆ ನೂರು ಜನರಲ್ಲಿ ಇಂಥ ತರಬೇತಿ ಪಡೆದ ಕೆಲಸಗಾರ ಒಬ್ಬನೂ ಇರುವುದಿಲ್ಲ.

ಮಕ್ಕಳನ್ನು ಬೈಯಲು ನನಗೆ ಮನಸ್ಸಿಲ್ಲ. ಹೋದ ವರ್ಷ ನನ್ನ ಇಬ್ಬರು ವಿದ್ಯಾರ್ಥಿನಿಯರು ಹದಿನಾಲ್ಕು ಕಾರ್ಖಾನೆಗಳಿಗೆ ಪತ್ರ ಬರೆದರು. ಚಾಕಣದ ಬಿಸಿಲಲ್ಲಿ ಗೇಟಿನಿಂದ ಗೇಟಿಗೆ ಅಲೆದರು. ಸೆಕ್ಯೂರಿಟಿಯವರು ಎಚ್‌ಆರ್‌ಗೆ ಮೇಲ್ ಮಾಡಿ ಅಂದರು, ಎಚ್‌ಆರ್‌ನವರು ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ನನ್ನ ಅಪ್ಪನ ಹಳೆಯ ಪರಿಚಯದಿಂದ ಒಂದು ಕಡೆ ನಾಲ್ಕು ದಿನ ಒಳಗೆ ಬಿಟ್ಟರು. ಆ ನಾಲ್ಕೇ ದಿನದಲ್ಲಿ ಅವರು ಕಂಡಿದ್ದು ನಮ್ಮ ಕಪಾಟಿನ ಯಾವ ಬ್ಲ್ಯಾಕ್ ಬುಕ್‌ನಲ್ಲೂ ಇಲ್ಲ.

ಅಲ್ಲಿ ಹೊಸ ಹುಡುಗರಿಗೆ ಟ್ಯಾಬ್‌ನಲ್ಲಿ ಎಐ ತರಬೇತಿ. ವಿಡಿಯೊ ನೋಡಬೇಕು, ಪ್ರಶ್ನೆಗೆ ಉತ್ತರ ಒತ್ತಬೇಕು, ಸಂಶಯ ಬಂದರೆ ಮಾತಾಡಿ ಕೇಳಬಹುದು. ಆಳಂದ ಕಡೆಯ ಒಬ್ಬ ಹುಡುಗನಿಗೆ ಹತ್ತಕ್ಕೆ ಹತ್ತು ಅಂಕ ಬಂದಿತ್ತು. ಹೇಗಪ್ಪಾ ಅಂತ ಕೇಳಿದರೆ, “ತಪ್ಪಾದ್ರ ಅದ ಪ್ರಶ್ನೆ ಮತ್ತ ಬರ್ತೈತ್ರಿ, ಉತ್ತರ ಬಾಯಿಪಾಠ ಆಗ್ಯಾವ” ಅಂದ. ಆದರೆ ಲೇಥ್ ಮೇಲೆ ಅವನ ಜಾಬ್ (ಕಡೆಯುವ ಲೋಹದ ತುಂಡು) ಟೇಪರ್ ಬರುತ್ತಿತ್ತು, ಅಂದರೆ ಒಂದು ತುದಿ ದಪ್ಪ, ಇನ್ನೊಂದು ತೆಳು. ಯಾಕೆಂದು ಟ್ಯಾಬ್‌ಗೆ ಕೇಳಿದ. ಅದರಲ್ಲಿ ಕನ್ನಡ ಇರಲಿಲ್ಲ. ಬರುವಷ್ಟು ಹಿಂದಿಯಲ್ಲಿ, ಮಷಿನ್ ಸದ್ದಿನ ನಡುವೆ ಕೇಳಿದ. ಅದು ‘ಟೇಪರ್’ ಅನ್ನುವುದನ್ನು ‘ಪೇಪರ್’ ಎಂದು ಕೇಳಿಸಿಕೊಂಡಿತು. ಕೊನೆಗೆ ಮಷಿನ್ ಹೊಂದಿಸುವ ಹಿರಿಯ ಸೆಟ್ಟರ್ ಒಬ್ಬರು ಅಳತೆಯ ಡಯಲ್ ಗೇಜ್ ಇಟ್ಟು ನೋಡಿದರು. ಟೇಲ್‌ಸ್ಟಾಕ್ ಸೆಂಟರ್, ಅಂದರೆ ಜಾಬ್‌ನ ಆಚೆ ತುದಿಯನ್ನು ಹಿಡಿಯುವ ಮೊನೆ, ಸ್ವಲ್ಪ ಸರಿದಿತ್ತು. ಹತ್ತು ನಿಮಿಷದ ಕೆಲಸ.

ತರಬೇತಿಯನ್ನು ಅಳೆಯಲು ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿಯೇ ನಾಲ್ಕು ಮೆಟ್ಟಿಲು ಹೇಳಿದ್ದರು. ಕಲಿತವನಿಗೆ ಇಷ್ಟವಾಯಿತೇ, ಏನು ಕಲಿತ, ಕೆಲಸದಲ್ಲಿ ಅದನ್ನು ಬಳಸಿದನೇ, ಅದರಿಂದ ಫಲ ಬಂತೇ. ನಮ್ಮ ಮಕ್ಕಳೆಲ್ಲ ವರದಿಯ ಎರಡನೇ ಅಧ್ಯಾಯದಲ್ಲಿ ಇದನ್ನು ತಪ್ಪದೆ ಬರೆಯುತ್ತಾರೆ. ಆದರೆ ಗೂಗಲ್ ಫಾರ್ಮ್ ಮೊದಲ ಮೆಟ್ಟಿಲು ದಾಟುವುದಿಲ್ಲ. ಮೂರನೆಯದಕ್ಕೆ ಮಷಿನ್ ಪಕ್ಕದಲ್ಲಿ ನಿಲ್ಲಬೇಕು, ಅಲ್ವಾ?

ಹಾಗೆ ನಿಂತಾಗಲೇ ಇನ್ನೊಂದು ಮಾತು ಕಿವಿಗೆ ಬಿತ್ತು. ಊಟದ ಹೊತ್ತಲ್ಲಿ ಆ ಹುಡುಗ ಮೆಲ್ಲಗೆ ಕೇಳಿದನಂತೆ: “ನಾ ಎಷ್ಟ್ ಸಲ ತಪ್ಪ ಒತ್ತೀನಿ ಅನ್ನೋದು ಸಾಹೇಬ್ರಿಗೆ ಕಾಣಸ್ತೈತೇನ್ರಿ? ಕಾಂಟ್ರ್ಯಾಕ್ಟ್ ಮುಂದುವರಸೂ ಮುಂದ ಅದನ್ನ ನೋಡ್ತಾರೇನ್ರಿ?” ನಮ್ಮ ಹುಡುಗಿಯರಿಗೆ ಉತ್ತರ ಗೊತ್ತಿರಲಿಲ್ಲ. ಅಲ್ಲಿನ ಸೂಪರ್‌ವೈಸರ್‌ಗೂ ಗೊತ್ತಿರಲಿಲ್ಲ. ತಪ್ಪು ಮಾಡಲು ಹೆದರುವವನು ಕಲಿಯುವುದು ಹೇಗೆ? ಅಪ್ಪನಿಗೆ ಇದನ್ನು ಹೇಳಿದೆ. ತಾವು ಹೊಸಬರಾಗಿದ್ದಾಗ ಕೆಡಿಸಿದ ಜಾಬ್‌ಗಳನ್ನು ಉಸ್ತಾದ್ ಸುಮ್ನೆ ಸ್ಕ್ರ್ಯಾಪ್ ಡಬ್ಬಿಗೆ ಹಾಕುತ್ತಿದ್ದರು, ಯಾರಿಗೂ ಹೇಳುತ್ತಿರಲಿಲ್ಲ ಅಂದರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಎಐನಿಂದ ಪ್ರಯೋಜನವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸ್ಟ್ಯಾನ್‌ಫರ್ಡ್ ಮತ್ತು ಎಂಐಟಿಯ ಸಂಶೋಧಕರು 2023ರಲ್ಲಿ ಗ್ರಾಹಕ ಸೇವೆಯ 5 ಸಾವಿರಕ್ಕೂ ಹೆಚ್ಚು ನೌಕರರ ಕೆಲಸ ನೋಡಿ ವರದಿ ಬರೆದರು. ಎಐ ನೆರವು ಸಿಕ್ಕ ಮೇಲೆ ಗಂಟೆಗೆ ಬಗೆಹರಿಸುವ ದೂರುಗಳು ಸರಾಸರಿ ಸುಮಾರು 14% ಜಾಸ್ತಿಯಾದವು. ಹೊಸಬರಿಗೆ, ಕಡಿಮೆ ಕೌಶಲದವರಿಗೆ ಲಾಭ ಇನ್ನೂ ಹೆಚ್ಚು. ಅದು ಓದಿದಾಗ ನನಗೆ ಖುಷಿಯಾಯಿತು, ಯಾಕೆಂದರೆ ನಮ್ಮ ಹುಡುಗರೂ ಹೊಸಬರೇ. ಆದರೆ ಅದು ಕಂಪ್ಯೂಟರ್ ಮುಂದೆ ಟೈಪ್ ಮಾಡುವ ಕೆಲಸ. ಲೇಥ್ ಮೇಲೂ ಹಾಗೇ ಆಗುತ್ತದೆಯೇ? ಇಲ್ಲಿ ನೋಡಿದರೆ ತಾನೇ ತಿಳಿಯುವುದು. ಆ ಅಧ್ಯಯನ ನಡೆದದ್ದೂ ಒಂದು ಕಂಪನಿ ತನ್ನ ದಾಖಲೆ ತೆರೆದುಕೊಟ್ಟಿದ್ದರಿಂದಲೇ.

ಸಚಿವರೇ, ಇಂಥ ಬಾಗಿಲು ತೆರೆಯುವುದು ನಿಮ್ಮ ಕೈಯಲ್ಲಿದೆ. ಸರ್ಕಾರಿ ಐಟಿಐಗಳು ನಿಮ್ಮ ಇಲಾಖೆಯವು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಜನಕ್ಕಿಂತ ಕಡಿಮೆಯಿಲ್ಲದ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅವರ ತರಬೇತಿ ಹೇಗೆ ನಡೆಯುತ್ತಿದೆ ಎಂದು ಕೇಳುವ ಹಕ್ಕು ಸರ್ಕಾರಕ್ಕಿದೆ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗೆ ನಿಮ್ಮ ಇಲಾಖೆಯಿಂದ ಒಂದು ಅನುಮತಿ ಪತ್ರ ಸಿಗಲಿ. ಅದು ಹದಿನೈದು ದಿನದೊಳಗೆ ಸಿಗಬೇಕು, ಯಾಕೆಂದರೆ ನಮ್ಮ ಸೆಮಿಸ್ಟರ್ ಇರುವುದೇ ನಾಲ್ಕೈದು ತಿಂಗಳು. ಕೆಲಸಗಾರರ ಹೆಸರು ಎಲ್ಲೂ ಬರಬಾರದು. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರ ಕಾಯ್ದೆಯೇ ಇದೆ, ಅದನ್ನು ಪಾಲಿಸಲು ನಾವು ಸಿದ್ಧ. ಮುಗಿದ ಮೇಲೆ ಏನು ಕಂಡೆವು ಅನ್ನುವುದನ್ನು ಎರಡು ಪುಟದಲ್ಲಿ ಆ ಹುಡುಗರ ಭಾಷೆಯಲ್ಲೇ ಬರೆದು ಅವರಿಗೆ ಕೊಡುತ್ತೇವೆ.

ದೊಡ್ಡ ಖರ್ಚೂ ಬೇಕಿಲ್ಲ. ಭಾರತೀಯ ಭಾಷೆಗಳ ಮಾತನ್ನು ಕಂಪ್ಯೂಟರ್ ಅರಿತು ಅನುವಾದಿಸಲು ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲೇ ಶುರುವಾಗಿದೆ, ಅದರಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಆಳಂದದ ಹುಡುಗ ಮಷಿನ್ ಸದ್ದಿನಲ್ಲಿ ಕೇಳಿದ ನೂರು ಪ್ರಶ್ನೆಗಳಲ್ಲಿ ಎಷ್ಟನ್ನು ಅದು ಸರಿಯಾಗಿ ಕೇಳಿಸಿಕೊಳ್ಳುತ್ತದೆ? ಒಂದು ಮೊಬೈಲ್, ಒಂದು ನೋಟ್‌ಬುಕ್, ಒಂದು ತಿಂಗಳು ಇದ್ದರೆ ನನ್ನ ವಿದ್ಯಾರ್ಥಿಗಳು ಲೆಕ್ಕ ಹಾಕಿ ಕೊಡುತ್ತಾರೆ.

ನಮ್ಮ ಮುಂದಿನ ಬ್ಯಾಚ್ ಜುಲೈನಲ್ಲಿ ವಿಷಯ ಆರಿಸಿಕೊಳ್ಳುತ್ತದೆ. ಅಷ್ಟರೊಳಗೆ ಎಲ್ಲ ಐಟಿಐ ಬೇಡ, ಪುಣೆಯ ಔಂಧ್‌ನದೊಂದನ್ನು ತೆರೆದುಕೊಡಿ. ಟರ್ನರ್ ವರ್ಕ್‌ಶಾಪ್‌ಗೆ ನಾಲ್ಕು ವಿದ್ಯಾರ್ಥಿಗಳನ್ನು ಕರೆದುಕೊಂಡು ನಾನೇ ಬರುತ್ತೇನೆ. ಅಪ್ಪನೂ ಬರುತ್ತೇನೆ ಅಂದಿದ್ದಾರೆ.

ಇಂತಿ,
ಭೋಸರಿಯ ಒಬ್ಬ ಶಿಕ್ಷಕಿ