ನಿನ್ನ ಪಲ್ಟನ್ನಿಗೆ ನೀನು ವಕೀಲ ಅಲ್ಲ ಕಣಯ್ಯ

ಪ್ರೀತಿಯ ಕ್ಯಾಪ್ಟನ್ ಸಾಹೇಬ್ರೆ,

ನಿಮ್ಮ, ಅಲ್ಲ ನಿನ್ನ (ನನ್ನ ಮಗನಿಗಿಂತ ಚಿಕ್ಕವನು ನೀನು, ಬಹುವಚನ ನನ್ನ ಕೈಲಾಗಲ್ಲ) ಹಸ್ತಪ್ರತಿ, 1962ರ ಚೀನಾ ಯುದ್ಧದಲ್ಲಿ ನಿನ್ನ ಪಲ್ಟನ್ (ಬೆಟಾಲಿಯನ್) ಕಥೆ, ಪೂರ್ತಿ ಓದಿದೆ. ಜೊತೆಗೆ ಬಂದ ಇಮೇಲೂ ಓದಿದೆ. ಹತ್ತು ವರ್ಷ ಯೂನಿಫಾರ್ಮ್ ಹಾಕಿದವನು ಈಗ ಮನೇಲಿ ಕೂತು ಬರೀತಿದೀನಿ, ಮಾವನ ಮನೆಯವರು ಸೆಕ್ಯುರಿಟಿ ಮ್ಯಾನೇಜರ್ ಕೆಲಸನಾದ್ರೂ ಹುಡುಕ್ಕೋ ಅಂತಾರೆ, ಪ್ರಕಾಶಕರು ಉತ್ತರಾನೇ ಕೊಡಲ್ಲ, ಎಲ್ಲ ಡಿಲೀಟ್ ಮಾಡಿಬಿಡ್ಲಾ ಸರ್ ಅಂತ ಕೇಳಿದೀಯ. ಮಾಡಬೇಡ. ನಾಲ್ಕನೇ ಅಧ್ಯಾಯದಲ್ಲಿ ಪೋರ್ಟರ್‌ಗಳ ಬಗ್ಗೆ ಬರೆದಿರೋ ಭಾಗ ಒಂದೇ ಸಾಕು, ಬರವಣಿಗೆ ನಿನಗೆ ಬರುತ್ತೆ ಅಂತ ಗೊತ್ತಾಗೋಕೆ.

ಇನ್ನು ಪುಟ ಎಷ್ಟಿರಬೇಕು, ಮ್ಯಾಪ್ ಕಲರಲ್ಲಿ ಹಾಕ್ಸೋದಾ, ಮುನ್ನುಡಿ ಯಾವ ಜನರಲ್ ಹತ್ರ ಬರೆಸೋದು, ಇದನ್ನೆಲ್ಲ ದಯವಿಟ್ಟು ಬೇರೆ ಯಾರನ್ನಾದ್ರೂ ಕೇಳು. ಮುನ್ನುಡಿ ವಿಷ್ಯ ಬಂದ್ರೆ ನನ್ನ ಬಿಪಿ ಏರುತ್ತೆ.

ನನ್ನ ತಕರಾರು ಒಂದೇ. ಇಡೀ ಪುಸ್ತಕದಲ್ಲಿ ನಿನ್ನ ಪಲ್ಟನ್ ಒಂದೇ ಒಂದು ತಪ್ಪು ಮಾಡಿಲ್ಲ. ತಪ್ಪೆಲ್ಲ ಮಾಡಿದ್ದು ಡೆಲ್ಲಿ, ಕೋರ್ ಹೆಡ್‌ಕ್ವಾರ್ಟರ್ಸ್, ಡಿವಿಜನ್, ಪಕ್ಕದ ಬೆಟಾಲಿಯನ್, ಸಿಗ್ನಲ್ಸ್‌ನವರು, ಏರ್‌ಡ್ರಾಪ್ ಮಾಡಿದ ಪೈಲಟ್, ಕೊನೆಗೆ ಯಾರೂ ಸಿಗದೆ ಇದ್ದಾಗ ಹಿಮ. ಹತ್ತು ವರ್ಷ ಆ ಕ್ಯಾಪ್ ಬ್ಯಾಡ್ಜ್ ಹಾಕಿದೀಯ, ಅದರ ಮೇಲೆ ಪ್ರೀತಿ ಇಲ್ದೇ ಇರುತ್ತಾ, ನನಗೂ ಇದೆ, ಈಗಲೂ ರೈಸಿಂಗ್ ಡೇ (ಪಲ್ಟನ್ ಹುಟ್ಟಿದ ದಿನ) ದಿನ ಬೆಳಿಗ್ಗೆ ಶೇವ್ ಮಾಡಿ ಟೈ ಕಟ್ಕೊಂಡು ಕೂತ್ಕೋತೀನಿ, ನನ್ನ ಹೆಂಡ್ತಿ ನಗ್ತಾಳೆ. ಆದ್ರೆ ಆ ಪ್ರೀತೀನೇ ನಮ್ಮಂಥವರನ್ನ ಕೆಡಿಸೋದು. ಫೌಜಿ ಪೆನ್ನು ಹಿಡಿದ್ರೆ ಇತಿಹಾಸಕಾರ ಆಗೋಕೆ ಮುಂಚೆ ವಕೀಲ ಆಗ್ತಾನೆ.

ನೀನು ಆರಿಸಿಕೊಂಡಿರೋ ನಾಮ್ಕಾ ಚು ನೇ ನೋಡು. ಈಗಿನ ಅರುಣಾಚಲದ ಗಡಿಯಲ್ಲಿ, ಥಾಗ್ ಲಾ ಬೆಟ್ಟದ ಬುಡದಲ್ಲಿ ಹರಿಯೋ ಒಂದು ಹಳ್ಳ ಅದು. ಆ ಹಳ್ಳದ ಬಗ್ಗೆ, ಆಗ ಅಧಿಕಾರದಲ್ಲಿದ್ದ ನಾಲ್ಕು ಜನ ಆಫೀಸರ್‌ಗಳು ನಾಲ್ಕು ಪುಸ್ತಕ ಬರೆದಿದಾರೆ. ಕೋರ್ ಕಮಾಂಡರ್ ಆಗಿದ್ದ ಕೌಲ್ ಬರೆದದ್ದು 'ದಿ ಅನ್‌ಟೋಲ್ಡ್ ಸ್ಟೋರಿ', 1967ರಲ್ಲಿ. 7ನೇ ಬ್ರಿಗೇಡ್ ಕಮಾಂಡ್ ಮಾಡಿದ ಜಾನ್ ದಳವಿ ಬರೆದದ್ದು 'ಹಿಮಾಲಯನ್ ಬ್ಲಂಡರ್', 1969ರಲ್ಲಿ. ಡಿವಿಜನ್ ಕಮಾಂಡರ್ ನಿರಂಜನ್ ಪ್ರಸಾದ್ 1981ರಲ್ಲಿ 'ದಿ ಫಾಲ್ ಆಫ್ ತೊವಾಂಗ್' ಬರೆದ್ರು. ಡೆಲ್ಲಿಯಲ್ಲಿ ಡೈರೆಕ್ಟರ್ ಆಫ್ ಮಿಲಿಟರಿ ಆಪರೇಷನ್ಸ್ ಆಗಿದ್ದ ಪಾಲಿತ್ 'ವಾರ್ ಇನ್ ಹೈ ಹಿಮಾಲಯ' ತಂದದ್ದು 1991ರಲ್ಲಿ. ನಾಲ್ಕನ್ನೂ ಪಕ್ಕಪಕ್ಕ ಇಟ್ಕೊಂಡು ಒಂದೇ ತಾರೀಖು ಹಿಡಿದು ಓದು. ಕೋರ್ಟಲ್ಲಿ ಆಸ್ತಿ ಕೇಸಿಗೆ ಬಂದ ಅಣ್ಣತಮ್ಮಂದಿರ ಹೇಳಿಕೆ ಥರ ಇರುತ್ತೆ, ಒಬ್ಬೊಬ್ಬರೂ ಬೆರಳು ತೋರಿಸೋದು ಇನ್ನೊಬ್ಬರ ಕಡೆ.

ನೀನು ಹಾಸ್ಟೆಲಲ್ಲಿದ್ದಾಗ ದಳವಿನ ರವಿ ಬೆಳಗೆರೆ ಮಾಡಿದ ಕನ್ನಡ ಅನುವಾದದಲ್ಲಿ ಓದಿ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ ಅಂತ ಬರೆದಿದೀಯ. ಸರಿ. ಆ ಪುಸ್ತಕ ಓದಿ ಸೈನ್ಯ ಸೇರಿದ ಹುಡುಗರನ್ನೇ ನಾನು ನೋಡಿದೀನಿ. ಆದ್ರೆ ನಿನಗೆ ಹತ್ತಿದ್ದು ಅದರ ಸಿಟ್ಟು ಮಾತ್ರ. 10ನೇ ಅಕ್ಟೋಬರ್ ಏನಾಯ್ತು ಅಂತ ಇನ್ನೊಂದ್ಸಲ ಓದು. ಹಳ್ಳದ ಆಚೆ ಸೆಂಗ್ ಜಾಂಗ್‌ನಲ್ಲಿ 9 ಪಂಜಾಬ್ ಬೆಟಾಲಿಯನ್ನಿನ ಒಂದು ಸಣ್ಣ ತುಕಡಿ. ಅವರ ಮೇಲೆ ಚೀನಿಯರು ಬೆಟಾಲಿಯನ್ ಗಾತ್ರದಲ್ಲಿ ಬೀಳ್ತಾರೆ. ಮೇಲಿಂದ ಮಾರ್ಟರ್, ಮಷಿನ್ ಗನ್ ಫೈರ್ ಕೊಡಿ ಅಂತ ಕೇಳ್ತಾರೆ. ಕೊಡಲ್ಲ. ಬೇಡ ಅಂದವರು ದಳವಿನೇ. ಕೊಟ್ಟಿದ್ರೆ ಹಳ್ಳದುದ್ದಕ್ಕೂ ಯುದ್ಧ ಹತ್ಕೊಳ್ಳೋದು, ಬ್ರಿಗೇಡಿನ ಕೈಲಿ ಇದ್ದದ್ದು ಪೌಚಲ್ಲಿ ಹೊತ್ತು ತಂದಿದ್ದ ಗುಂಡುಗಳು, ಮೈಮೇಲೆ ಇದ್ದದ್ದು ಹತ್ತಿ ಬಟ್ಟೆ. ನಮ್ಮವರು ನೋಡ್ತಾ ನೋಡ್ತಾ ಆ ತುಕಡಿ ಒಂಟಿಯಾಗಿ ಹೊಡೆದಾಡಿ ವಾಪಸ್ ಬಂತು, ಉಳಿದಷ್ಟು ಜನ. ಇದನ್ನ ದಳವಿ ಮುಚ್ಚಿಡಲ್ಲ, ಕಾರಣ ಹೇಳಿ ತನ್ನ ನಿರ್ಧಾರ ಅಂತಾನೇ ಬರೀತಾರೆ. ಕೌಲ್ ಮೇಲೆ, ನೆಹರೂ ಮೇಲೆ ಅಷ್ಟು ಉಗುಳಿದ ಮನುಷ್ಯ ಅದನ್ನ ಬಿಟ್ಟುಬಿಡಬಹುದಿತ್ತು, ಯಾರು ಕೇಳ್ತಿದ್ರು ಹೇಳು? ನಿನ್ನ ಹಸ್ತಪ್ರತಿಯಲ್ಲಿ ಅದೇ ಘಟನೆ ಹೇಗಿದೆ ಗೊತ್ತಾ, "ಮೇಲಿನಿಂದ ನೆರವು ದೊರೆಯಲಿಲ್ಲ". ಯಾವ ಮೇಲಿನಿಂದ? ಆ ವಾಕ್ಯದಲ್ಲಿ ಮನುಷ್ಯ ಯಾರಯ್ಯ?

ದಳವಿ ನಿಷ್ಪಕ್ಷಪಾತಿ ಅಂತ ನಾನು ಹೇಳ್ತಿಲ್ಲ ಮತ್ತೆ. 20ರ ಬೆಳಗಾಗೋ ಹೊತ್ತಿಗೆ ಚೀನಿಯರು ನುಗ್ಗಿದ್ರು, ಕೌಲ್ ಆವತ್ತು ಡೆಲ್ಲಿಯಲ್ಲಿ ಕಾಯಿಲೆ ಹಾಸಿಗೆ ಮೇಲೆ, ದಳವಿ 22ಕ್ಕೆ ಸೆರೆ ಸಿಕ್ಕಿದ್ರು, ಮುಂದಿನ ಮೇ ತಿಂಗಳವರೆಗೆ ಬಿಡಲಿಲ್ಲ. ನವೆಂಬರ್ 21ರ ರಾತ್ರಿ ಚೀನೀ ಮೇಜರ್ ಒಬ್ಬ ಬಂದು ಎಬ್ಬಿಸಿ, ಒಳ್ಳೇ ಸುದ್ದಿ, ಯುದ್ಧ ಮುಗೀತು ಅಂತ ಕೂಗ್ತಾನೆ. ಒಂಟಿ ಸೆರೆಯಲ್ಲಿ ಕೂತು ಶತ್ರು ಬಾಯಲ್ಲಿ ಆ ಸುದ್ದಿ ಕೇಳಿದವನು ತಣ್ಣಗೆ ಬರಿಯೋಕಾಗಲ್ಲ. ಆ ಸಿಟ್ಟಿಗೆ ಅವರು ಬೆಲೆ ಕೊಟ್ಟಿದ್ರು. ನಿನಗೆ ಅದು ಪುಕ್ಕಟೆ ಸಿಕ್ಕಿರೋದು. ಪಾಲಿತ್ ನೋಡು, 1971ರ ಯುದ್ಧದ ಬಗ್ಗೆ 1972ಕ್ಕೇ ಪುಸ್ತಕ ತಂದ್ರು, ಜಮ್ಮು ಕಾಶ್ಮೀರ ರೈಫಲ್ಸ್ ಬಗ್ಗೆ, ಅಸ್ಸಾಂ ರೈಫಲ್ಸ್ ಬಗ್ಗೆಯೂ ಬರೆದ್ರು, ತಾವೇ ಕುರ್ಚಿಯಲ್ಲಿ ಕೂತಿದ್ದ 1962ಕ್ಕೆ ಮಾತ್ರ ಹತ್ತಿರ ಹತ್ತಿರ ಮೂವತ್ತು ವರ್ಷ ತಗೊಂಡ್ರು. ಅಷ್ಟು ಕಾದ್ಮೇಲೂ ಅದರಲ್ಲಿ ಅಲ್ಲಲ್ಲಿ ವಕೀಲ ಇಣುಕ್ತಾನೆ ಅಂತ ನನ್ನ ಅಭಿಪ್ರಾಯ, ನೀನು ಒಪ್ಪದೇ ಇರಬಹುದು.

ಹೆಂಡರ್ಸನ್ ಬ್ರೂಕ್ಸ್ ವರದಿ ಪೂರ್ತಿ ಹೊರಗೆ ಬರೋವರೆಗೂ ಸತ್ಯ ಗೊತ್ತಾಗಲ್ಲ ಸರ್ ಅಂತೀಯ. 1962ರ ಸೋಲಿನ ಬಗ್ಗೆ ಸೈನ್ಯವೇ ತನಿಖೆ ಮಾಡಿಸಿ 1963ರಲ್ಲಿ ಕೊಟ್ಟ ವರದಿ, ಸರ್ಕಾರ ಇವತ್ತಿಗೂ ಬಿಟ್ಟಿಲ್ಲ, 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಒಂದಷ್ಟು ಪುಟ ಇಂಟರ್ನೆಟ್ಟಲ್ಲಿ ಹಾಕಿದ್ರು. 25 ವರ್ಷ ಆದ ದಾಖಲೆಗಳನ್ನ ಸಾಮಾನ್ಯವಾಗಿ ಡಿಕ್ಲಾಸಿಫೈ ಮಾಡ್ತೀವಿ ಅಂತ 2021ರಲ್ಲಿ ರಕ್ಷಣಾ ಇಲಾಖೆ ಪಾಲಿಸಿ ಮಾಡಿದೆ, ಒಳ್ಳೇದು, ಮಾಡ್ಲಿ. ಆದ್ರೆ ಮುಚ್ಚಿಟ್ಟ ಫೈಲು ನಿನಗೊಂದು ನೆಪ ಆಗಿದೆ. ನಿನ್ನ ಪಲ್ಟನ್ನಿನ ಮುದುಕರು ಎದುರಿಗೆ ಕೂತಿದ್ದಾಗ ನೀನು ಏನು ಕೇಳ್ದೆ? "ಎಷ್ಟು ಜನರನ್ನ ಹೊಡೆದ್ರಿ ಸಾಹೇಬ್" ಅಂತ ಕೇಳಿದೀಯ. ಅವರು ಹೇಳಿದ ನಂಬರ್ ಹಾಗೇ ಹಾಕಿದೀಯ. ನಸುಕಲ್ಲಿ, ಮಂಜಲ್ಲಿ, ಪೊದೆ ಮಧ್ಯೆ ಶತ್ರುವಿನ ಹೆಣ ಎಣಿಸ್ಕೊಂಡು ಕೂತಿದ್ದವರು ಯಾರು? ಅದೇ ಯುದ್ಧದಲ್ಲಿ ಲಡಾಖಿನ ರೆಜಾಂಗ್ ಲಾ ಕಥೆ ಗೊತ್ತಲ್ಲ. 13 ಕುಮಾಂವ್ ಬೆಟಾಲಿಯನ್ನಿನ ಚಾರ್ಲಿ ಕಂಪನಿ, ಮೇಜರ್ ಶೈತಾನ್ ಸಿಂಗ್. ಬದುಕಿ ಬಂದ ಕೆಲವರು ಹೇಳಿದ್ದನ್ನ ಮೊದಲು ಜನ ನಂಬಲೇ ಇಲ್ಲ. 1963ರಲ್ಲಿ ಮೇಲೆ ಹೋಗಿ ನೋಡಿದ್ರೆ ಟ್ರೆಂಚಲ್ಲಿ ಹೆಣಗಳು ಹೆಪ್ಪುಗಟ್ಟಿ ಕೂತಿದ್ವು, ಕೈಯಲ್ಲಿ ಆಯುಧ ಹಾಗೇ. ಅಷ್ಟು ಬರೆದ್ರೆ ಆಯ್ತು. ಅದರ ಮೇಲೆ "ಅಪ್ರತಿಮ", "ಅಸೀಮ" ಅಂತ ನೀನು ಸೇರಿಸಿದ್ರೆ ಅವರಿಗೇನು ಪ್ರಯೋಜನ?

ನನ್ನ ಹಳೇ ನೋವೊಂದು ಹೇಳ್ತೀನಿ. ರಿಟೈರ್ ಆದ ಹೊಸದರಲ್ಲಿ ಒಂದು ರೆಜಿಮೆಂಟಿನವರು ನನ್ನ ಕೈಲಿ ತಮ್ಮ ಇತಿಹಾಸ ಬರೆಸಿದ್ರು. ಹಳೇ ಟ್ರಂಕಿನ ಕಾಗದಗಳಲ್ಲಿ ಒಂದು ವಾರ್ ಡೈರಿ, ಪೆನ್ಸಿಲಲ್ಲಿ ಬರೆದದ್ದು, ಅರ್ಧ ಅಳಿಸಿಹೋಗಿತ್ತು. ಒಂದು ಕಂಪನಿ ರಾತ್ರಿ ಪೊಸಿಷನ್ ಬಿಟ್ಟು ಇಳಿದಿದೆ, ಯಾಕಂದ್ರೆ ಹಿಂದೆ ಸರೀರಿ ಅನ್ನೋ ಆರ್ಡರ್ ಅವರಿಗೆ ತಲುಪಿದೆ, ಅದನ್ನ ರದ್ದು ಮಾಡಿದ ಆರ್ಡರ್ ತಲುಪಿಲ್ಲ. ಎರಡೂ ಟೈಮ್ ಸಮೇತ ಡೈರಿಯಲ್ಲಿತ್ತು. ನಾನು ಹಾಗೇ ಬರೆದೆ. ಕಮಿಟಿ ಕೂತಿತು, ಸಮೋಸ ತಿಂದ್ರು, ಪಲ್ಟನ್ ಮರ್ಯಾದೆ ಅಂದ್ರು, ಎರಡು ಪುಟ ಕಿತ್ತು ಆ ಜಾಗದಲ್ಲಿ ಬಡಾಖಾನಾದ (ಪಲ್ಟನ್ ಔತಣದ) ಫೋಟೋ ಹಾಕಿದ್ರು. ಪುಸ್ತಕ ಬಿಡುಗಡೆಗೆ ಬ್ಯಾಂಡ್ ಬೇರೆ.

ಆ ಕಂಪನಿಯವರೇ ಒಬ್ಬ ಹವಾಲ್ದಾರ್ ಸಾಹೇಬ್ರು ಆಮೇಲೆ ನನ್ನನ್ನ ಹುಡುಕ್ಕೊಂಡು ಬಂದ್ರು, ಹಾಸನದ ಕಡೆಯವರು. ಪುಸ್ತಕ ಕೊಂಡ್ಕೊಂಡಿದ್ರು, ಪೇಪರ್ ಕವರ್ ಹಾಕಿ ಇಟ್ಕೊಂಡಿದ್ರು. "ಸಾರ್, ಓಡಿ ಬಂದೋನು ಅಂತ ಊರಲ್ಲಿ ಈಗಲೂ ಅಂತಾರೆ. ಆರ್ಡರ್ ಬಂದಿತ್ತು ಅಂತ ಎಲ್ಲೈತೆ ಇದರಲ್ಲಿ, ಪುಟ ತೋರಿಸಿ, ಮೊಮ್ಮಗನ ಕೈಲಿ ಓದಿಸ್ತೀನಿ" ಅಂದ್ರು. ಪಲ್ಟನ್ ಮರ್ಯಾದೆ ಉಳಿಸೋಕೆ ಕಿತ್ತ ಪುಟ ಅದು, ಅವರ ಮರ್ಯಾದೆ ಇದ್ದದ್ದೂ ಅದೇ ಪುಟದಲ್ಲಿ. ಆ ಕಮಿಟಿಯಲ್ಲಿದ್ದ ಇಬ್ಬರು ಈಗಲೂ ನನ್ನ ಜೊತೆ ಮಾತಾಡಲ್ಲ, ನಾನೂ ಮಾತಾಡ್ಸಲ್ಲ, ಕ್ಯಾಂಟೀನ್ ಕ್ಯೂನಲ್ಲಿ ಎದುರಾದ್ರೆ ಬೇಳೆ ಪ್ಯಾಕೆಟ್ ನೋಡ್ತಾ ನಿಂತ್ಕೋತೀನಿ.

ಅದಕ್ಕೇ ನಿನ್ನ ಆರನೇ ಅಧ್ಯಾಯ ಓದ್ವಾಗ ನಂಗೆ ಕೋಪ ಬಂತು. ಅಕ್ಟೋಬರ್ 20ರ ಬೆಳಿಗ್ಗೆ ಎಡಗಡೆ ಪ್ಲಟೂನ್ ಎಲ್ಲಿ ಹೋಯ್ತು? ಐದನೇ ಅಧ್ಯಾಯದಲ್ಲಿ ಇದೆ, ಏಳನೇದರಲ್ಲಿ ಭೂತಾನ್ ದಾರಿಯಲ್ಲಿ ಇದ್ದಕ್ಕಿದ್ದಂಗೆ ಸಿಗುತ್ತೆ. ಮಧ್ಯೆ ಏನಾಯ್ತು ಅಂತ ನಿನಗೆ ಗೊತ್ತು, ಗೊತ್ತಿಲ್ದೇ ಇದ್ರೆ ಅಷ್ಟು ಹುಷಾರಾಗಿ ತಪ್ಪಿಸೋಕೆ ಆಗ್ತಿರಲಿಲ್ಲ. ಅಲ್ಲೇ ಇದೆ ನಿನ್ನ ಪುಸ್ತಕ. ಟೆಲಿಫೋನ್ ಲೈನ್ ಕಡಿದುಹೋದ ಮೇಲೆ, ಮುಂದೆ ಹಳ್ಳ, ಹಿಂದೆ ಬೆಟ್ಟ, ಇಪ್ಪತ್ತು ವರ್ಷದ ಹುಡುಗರು ಏನು ಮಾಡಿದ್ರು, ಯಾರು ಏನು ಕೂಗಿದ್ರು, ಯಾರಿಗೆ ಏನೂ ಕೇಳಿಸಲಿಲ್ಲ, ಅದನ್ನ ಬರಿ. ಆಗ ಪಲ್ಟನ್ ಕಮಾಂಡ್ ಮಾಡ್ತಿದ್ದ ಸಿಓ ಸಾಹೇಬ್ರ ಮಗಳು ಬೇಜಾರು ಮಾಡ್ಕೋತಾರೆ ಅಂತ ಇಮೇಲಲ್ಲಿ ಸೂಚನೆ ಕೊಟ್ಟಿದೀಯ. ಮಾಡ್ಕೊಳ್ಳಲಿ. ಮೊದಲೇ ಹೋಗಿ ಅವರ ಎದುರು ಕೂತು ಓದಿ ಹೇಳು, ಮೇಲ್ ಹಾಕಬೇಡ.

ಬರೆಯದೇ ಉಳಿದವರ ಬಗ್ಗೆಯೂ ನನಗೆ ಸಂಕಟ ಇದೆ. ನಮ್ಮ ಜನರಲ್ ತಿಮ್ಮಯ್ಯನವರು ಕೊರಿಯಾದ ಯುದ್ಧಖೈದಿಗಳ ಬಗ್ಗೆ ಬರೆದಿಟ್ಟಿದ್ರು, ಅದು ಅಚ್ಚಾದದ್ದು ಅವರು ಹೋದ ಎಷ್ಟೋ ವರ್ಷದ ಮೇಲೆ, 1981ರಲ್ಲಿ. 1961ರಲ್ಲಿ ಸೈನ್ಯದ ಚೀಫ್ ಹುದ್ದೆಯಿಂದ ರಿಟೈರ್ ಆದವರು, 1965ರಲ್ಲಿ ಸೈಪ್ರಸ್‌ನಲ್ಲಿ ತೀರ್ಕೊಂಡ್ರು. 1962ರ ಬಗ್ಗೆ ಅವರದೊಂದು ಪುಸ್ತಕ ಇದ್ದಿದ್ರೆ ಅಂತ ಮಡಿಕೇರಿಗೆ ಹೋಗಿ ಅವರ ಮನೆ ಸನ್ನಿ ಸೈಡ್ ಮುಂದೆ ನಿಂತಾಗೆಲ್ಲ ಅನ್ಸುತ್ತೆ. ಇರಲಿ, ಅದೂ ವಕೀಲನ ವಾದವೇ ಆಗಿರ್ತಿತ್ತೇನೋ, ಯಾರು ಬಲ್ಲರು.

ಮೂರನೇ ಅಧ್ಯಾಯ ನಿನ್ನ ಪಲ್ಟನ್ ವಾಟ್ಸಾಪ್ ಗ್ರೂಪಲ್ಲಿ ಹಾಕಿ ಇನ್ನೂರು "ಜೈ ಹಿಂದ್ ಸರ್" ಬಂತು ಅಂತ ಸ್ಕ್ರೀನ್‌ಶಾಟ್ ಕಳಿಸಿದೀಯಲ್ಲ, ಅದನ್ನ ನಾನು ಲೆಕ್ಕಕ್ಕೆ ತಗೊಂಡಿಲ್ಲ, ನೀನೂ ತಗೋಬೇಡ. ಪಕ್ಕದ ಬೆಟಾಲಿಯನ್ನಿನವರ ಗ್ರೂಪಲ್ಲಿ ಹಾಕಿ ನೋಡು ಧೈರ್ಯ ಇದ್ರೆ.

ಆರನೇ ಅಧ್ಯಾಯ ಹೊಸದಾಗಿ ಬರ್ಕೊಂಡು ಬಾ, ಪ್ರಿಂಟ್ ತೆಗೆದು ತಾ, ಫೋನಲ್ಲಿ ಓದೋಕೆ ನನ್ನ ಕಣ್ಣು ಒಪ್ಪಲ್ಲ. ಭಾನುವಾರ ಬಿಟ್ಟು ಯಾವತ್ತಾದ್ರೂ ಬಾ. ಭಾನುವಾರ ನಮ್ಮ ಕೋರ್ಸ್‌ಮೇಟ್‌ಗಳು ಬರ್ತಾರೆ, ಅವರಲ್ಲೊಬ್ಬ ನಿನ್ನ ಪಲ್ಟನ್ನಿನವನೇ, ಅವನ ಮುಂದೆ ಆ ಎಡಗಡೆ ಪ್ಲಟೂನ್ ಮಾತು ತೆಗೆದ್ರೆ ಇಬ್ಬರಿಗೂ ಊಟ ಸಿಗಲ್ಲ.

ಇಂತಿ ನಿನ್ನ,
ಕರ್ನಲ್ ಅಂಕಲ್